ಸೀಸದ ಅಚ್ಚಿಗೆ ಯಾವ ಎಣ್ಣೆ? ಹಚ್ಚಿ ನೋಡಿದ ಒಂಬತ್ತು ಬಗೆ, ಉಳಿದದ್ದು ಎರಡು

ಮೊದಲೇ ಹೇಳಿಬಿಡುತ್ತೇನೆ. ಸೀಸ ಎರಕ ಹೊಯ್ಯುವ ಅಚ್ಚಿಗೆ ಏನು ಹಚ್ಚಬೇಕು ಅಂತ ನೀವು ಹುಡುಕುತ್ತಾ ಇದ್ದರೆ ಪೆಟ್ರೋಲಿಗೆ ಬೆರೆಸುವ ಸಿಂಥೆಟಿಕ್ ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯ ಒಂದು ಸಣ್ಣ ಬಾಟಲಿ ತಗೊಳ್ಳಿ, ಕಾಗದದ ಕಡ್ಡಿ ಇರುವ ಇಯರ್ ಬಡ್ ತಗೊಳ್ಳಿ. ಮುಕ್ಕಾಲು ಪಾಲು ಕೆಲಸ ಅಷ್ಟರಲ್ಲೇ ಆಗುತ್ತದೆ. ಉಳಿದ ಕಾಲು ಪಾಲು ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬಾರದು ಅನ್ನೋದು. ನನಗೆ ಆ ಕಾಲು ಪಾಲು ಕಲಿಯುವುದಕ್ಕೇ ಜಾಸ್ತಿ ದಿನ ಹಿಡಿಯಿತು, ಒಂದು ಒಳ್ಳೆಯ ಅಚ್ಚು ಕೂಡ ಹೋಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಹೊಯ್ಯುವುದು ಗಾಳಕ್ಕೆ ಕಟ್ಟುವ ಸೀಸದ ಗುಂಡು. ನನ್ನ ಹತ್ತಿರ ಮೂರು ಅಚ್ಚು ಇವೆ. ಒಂದು ಅಲ್ಯೂಮಿನಿಯಂನದು, ಸೀಸ ತುಂಬುವ ಗುಳಿ ಎರಡು, 18 ಮಿ.ಮೀ. ಅಳತೆಯ ದುಂಡನೆ ಗುಂಡು ಕೊಡುತ್ತದೆ. ಇದು ಅಸಲಿಗೆ ನಳಿಕೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಬಂದೂಕಿಗೆ ಅಂತ ಮಾಡಿದ ಗುಂಡಿನ ಅಚ್ಚು. ಆದರೆ ಆ ಅಳತೆಯ ಗುಂಡು ಸುಮಾರು 35 ಗ್ರಾಂ ತೂಗುತ್ತದೆ, ನಡುವೆ ತೂತು ಕೊರೆದರೆ ಗಾಳಕ್ಕೆ ಹೇಳಿ ಮಾಡಿಸಿದ ಹಾಗೆ. ಎರಡನೆಯದು ಅದೇ ನಮೂನೆಯ ಬೀಡುಕಬ್ಬಿಣದ ಅಚ್ಚು, ಒಂದೇ ಗುಳಿ. ಮೂರನೆಯದು ಪುಸ್ತಕದ ಹಾಗೆ ತೆರೆದುಕೊಳ್ಳುವ, ನಡುವೆ ಉಕ್ಕಿನ ಕಡ್ಡಿ ತೂರಿಸುವ ಗಾಳದ ಸೀಸದ ಅಚ್ಚು. ಕಡ್ಡಿ ಎಳೆದರೆ ದಾರ ಹೋಗುವ ತೂತು ತಾನೇ ಸಿದ್ಧ. ಗುಂಡಿನ ಅಚ್ಚು ಇಟ್ಟುಕೊಂಡವರಿಗೂ ಗಾಳದ ಸೀಸದ ಅಚ್ಚು ಇಟ್ಟುಕೊಂಡವರಿಗೂ ಈ ಎಣ್ಣೆಯ ವಿಷಯದಲ್ಲಿ ತೊಂದರೆ ಒಂದೇ, ಹಾಗಾಗಿ ಇಬ್ಬರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಅಚ್ಚಿಗೆ ಎಣ್ಣೆ ಯಾಕೆ ಬೇಕು ಅಂತ ಮೊದಲು ನೋಡೋಣ. ಸೀಸ ಅಂಟದೆ ಇರಲಿ ಅಂತಲ್ಲ. ಇದು ಬಹಳ ಜನ ತಪ್ಪು ತಿಳಿದುಕೊಂಡಿರುವ ವಿಷಯ. ಅಲ್ಯೂಮಿನಿಯಂ ಮೇಲೆ ಯಾವಾಗಲೂ ಆಕ್ಸೈಡಿನ ತೆಳ್ಳನೆಯ ಪದರ ಇರುತ್ತದೆ, ಸೀಸ ಅದಕ್ಕೆ ಸುಲಭವಾಗಿ ಹಿಡಿಯುವುದಿಲ್ಲ. ಗುಳಿ ಶುದ್ಧವಾಗಿದ್ದರೆ, ಅಂಚಿನಲ್ಲಿ ಗೀರು ಇಲ್ಲದಿದ್ದರೆ, ಗುಂಡು ತಾನಾಗೇ ಬೀಳುತ್ತದೆ. ಎಣ್ಣೆ ಬೇಕಿರುವುದು ಲೋಹ ಲೋಹಕ್ಕೆ ಉಜ್ಜುವ ಜಾಗಗಳಲ್ಲಿ. ಅಚ್ಚಿನ ತಲೆಯ ಮೇಲೆ ಒಂದು ಉಕ್ಕಿನ ತಟ್ಟೆ ಇರುತ್ತದಲ್ಲ, ಸ್ಪ್ರೂ ಪ್ಲೇಟ್ ಅಂತಾರೆ, ಅದರ ತೂತಿನ ಮೂಲಕ ಸೀಸ ಹೊಯ್ದು, ಗಟ್ಟಿಯಾದ ಮೇಲೆ ಆ ತಟ್ಟೆಯನ್ನೇ ತಿರುಗಿಸಿ ಮೇಲೆ ಉಳಿದ ಬಾಲ ಕತ್ತರಿಸುತ್ತೇವೆ. ಆ ತಟ್ಟೆಯ ಅಡಿ, ಅದು ತಿರುಗುವ ಸ್ಕ್ರೂ, ಎರಡು ಹೋಳುಗಳನ್ನು ಸರಿಯಾಗಿ ಕೂರಿಸುವ ಪಿನ್ನುಗಳು, ಹಿಡಿಯ ಕೀಲು. ಇಷ್ಟೇ ಜಾಗ.

ಇದರಲ್ಲಿ ತಟ್ಟೆಯ ಅಡಿಯೇ ದೊಡ್ಡ ತಲೆನೋವು. ತಟ್ಟೆ ಉಕ್ಕು, ಕೆಳಗಿನದು ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 40 ಮಿ.ಮೀ. ಅಗಲದ ತುಂಡು 180 ಡಿಗ್ರಿ ಬಿಸಿ ಏರಿದರೆ ಅಲ್ಯೂಮಿನಿಯಂ ಸುಮಾರು 0.16 ಮಿ.ಮೀ. ಹಿಗ್ಗಿದರೆ ಉಕ್ಕು ಅದರ ಅರ್ಧ. ಅಂದರೆ ನೀವು ತಟ್ಟೆಯನ್ನು ಮುಟ್ಟದೇ ಸುಮ್ನೆ ಬಿಸಿ ಮಾಡಿದರೂ ಅವೆರಡೂ ಒಂದರ ಮೇಲೊಂದು ಜರುಗುತ್ತಲೇ ಇರುತ್ತವೆ. ಒಣಗಿದ್ದರೆ ಮೆತ್ತನೆಯ ಅಲ್ಯೂಮಿನಿಯಂ ಕಿತ್ತು ಬರುತ್ತದೆ. ಕಿತ್ತು ಬಂದ ಚೂರು ತಟ್ಟೆಗೆ ಅಂಟಿ ಇನ್ನೊಂದು ಗೀರು ಎಳೆಯುತ್ತದೆ. ಆ ಗೀರಿನಲ್ಲಿ ಸೀಸ ಕೂತುಕೊಳ್ಳುತ್ತದೆ, ತಟ್ಟೆ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ, ಸಂದಿಗೆ ಹರಿದ ಸೀಸ ಗುಂಡಿನ ತಲೆಯಲ್ಲಿ ತೆಳ್ಳನೆಯ ರೆಕ್ಕೆಯಾಗಿ ನಿಲ್ಲುತ್ತದೆ. ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ನನ್ನ ಮೊದಲನೇ ಅಲ್ಯೂಮಿನಿಯಂ ಅಚ್ಚು ಹೋದದ್ದು ಹೀಗೇ, ಏನೂ ಹಚ್ಚದೆ ಎರಡು ಸಂಜೆ ಹೊಯ್ದದ್ದಕ್ಕೆ. ಆ ಅಚ್ಚಿನ ತಲೆ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿ, ಹಾಗಾದರೆ ಯಾವುದೋ ಒಂದು ಎಣ್ಣೆ ಹಚ್ಚಿದರೆ ಆಯ್ತಲ್ವಾ? ಇಲ್ಲ. ಶುದ್ಧ ಸೀಸ ಕರಗುವುದು 327 ಡಿಗ್ರಿಗೆ. ಹೊಯ್ಯುವಾಗ ಪಾತ್ರೆಯಲ್ಲಿ 350ರಿಂದ 400 ಡಿಗ್ರಿ ಇಟ್ಟಿರುತ್ತೇವೆ. ಅಚ್ಚು ತಾನು 200ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ, ತಟ್ಟೆ ಇನ್ನೂ ಬಿಸಿ, ಯಾಕಂದರೆ ಸೀಸ ಮೊದಲು ಬೀಳುವುದೇ ಅದರ ಮೇಲೆ. ಸಾಮಾನ್ಯ ಎಣ್ಣೆ ಇಷ್ಟು ಬಿಸಿಗೆ ಎರಡರಲ್ಲಿ ಒಂದು ಮಾಡುತ್ತದೆ. ಹೊಗೆಯಾಗಿ ಹಾರಿಹೋಗುತ್ತದೆ, ಇಲ್ಲಾ ಕಂದು ಬಣ್ಣದ ಗಟ್ಟಿ ಪದರವಾಗಿ ಕೂತುಬಿಡುತ್ತದೆ. ಹಾರಿಹೋದದ್ದು ಎಲ್ಲಿಗೆ ಹೋಗುತ್ತದೆ ಅನ್ನೋದು ಇನ್ನೊಂದು ಪ್ರಶ್ನೆ. ಅದರ ಒಂದಿಷ್ಟು ಪಾಲು ಗುಳಿಯೊಳಗೆ ಇಳಿಯುತ್ತದೆ. ಗುಳಿಯಲ್ಲಿ ಎಣ್ಣೆಯ ಪಸೆ ಇದ್ದರೆ ಬಿಸಿ ಸೀಸ ತಾಗಿದ ತಕ್ಷಣ ಅದು ಆವಿಯಾಗುತ್ತದೆ, ಸೀಸ ಮತ್ತು ಗೋಡೆಯ ನಡುವೆ ಆ ಆವಿ ಸಿಕ್ಕಿಕೊಂಡು ಗುಂಡಿನ ಮೈಮೇಲೆ ಸುಕ್ಕು ಬೀಳುತ್ತದೆ. ಎಣ್ಣೆ ಬೇಕೇ ಬೇಕು ಅನ್ನುವ ಜಾಗಕ್ಕೂ ಎಣ್ಣೆ ಬೇಡವೇ ಬೇಡ ಅನ್ನುವ ಜಾಗಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಅಂತರ, ಅಷ್ಟೇ. ಈ ಅಂತರವನ್ನು ದಾಟದೆ ಉಳಿಯುವ ಎಣ್ಣೆ ಯಾವುದು ಅಂತ ನೋಡಿದ್ದೇ ನನ್ನ ಪರೀಕ್ಷೆ.

ಮೊದಲು ಹಚ್ಚಿದ್ದು ಮನೆಯಲ್ಲಿದ್ದ ಸಾಮಾನ್ಯ ಗ್ರೀಸ್, ಚಕ್ರದ ಬೇರಿಂಗಿಗೆ ಹಾಕುವಂಥದ್ದು. ಬೇಡ. ಹತ್ತು ಸಲ ಹೊಯ್ಯುವಷ್ಟರಲ್ಲಿ ಕರಗಿ ಹರಿದು ಗುಳಿಯ ಅಂಚಿಗೆ ಬಂತು. ಗ್ರೀಸ್ ಅಂದರೆ ಎಣ್ಣೆಯನ್ನು ಸಾಬೂನಿನಂಥ ವಸ್ತುವಿನಲ್ಲಿ ಹಿಡಿದಿಟ್ಟದ್ದು. ಬಿಸಿಗೆ ಆ ಹಿಡಿತ ಬಿಟ್ಟುಹೋದರೆ ಎಣ್ಣೆ ಹರಿಯುತ್ತದೆ, ಉಳಿದದ್ದು ಸುಟ್ಟು ಕರಿ ಆಗುತ್ತದೆ. ತುಕ್ಕು ಬಿಡಿಸಲು ಹೊಡೆಯುವ ಸ್ಪ್ರೇ ಇನ್ನೂ ಕೆಟ್ಟ ಆಯ್ಕೆ. ಅದರಲ್ಲಿ ಬಹುಪಾಲು ಬೇಗ ಆರಿಹೋಗುವ ದ್ರಾವಕವೇ ಇರುತ್ತದೆ, ಬಿಸಿ ಅಚ್ಚಿನ ಮೇಲೆ ಹೊಡೆದರೆ ಬೆಂಕಿ ಹತ್ತಿಕೊಳ್ಳಬಹುದು, ತಣ್ಣನೆಯ ಅಚ್ಚಿನ ಮೇಲೆ ಹೊಡೆದರೆ ಸಿಕ್ಕಸಿಕ್ಕ ಕಡೆಗೆಲ್ಲ ಹಾರಿ ಗುಳಿ ತುಂಬುತ್ತದೆ. ಅಚ್ಚಿನ ಹತ್ತಿರಕ್ಕೆ ಯಾವ ಸ್ಪ್ರೇ ಡಬ್ಬಿಯನ್ನೂ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಮಗೆ ಬೇಕಿರುವುದು ಸೂಜಿಮೊನೆಯಷ್ಟು ಜಾಗಕ್ಕೆ, ಸ್ಪ್ರೇ ಕೊಡುವುದು ಅಂಗೈಯಗಲಕ್ಕೆ.

ಆಮೇಲೆ ಜೇನುಮೇಣ. ಇದರ ಬಗ್ಗೆ ನನಗೆ ಪ್ರೀತಿ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ತಲೆಮಾರುಗಳಿಂದ ಎರಕದವರು ಬಳಸಿದ ವಸ್ತು. 62ರಿಂದ 64 ಡಿಗ್ರಿಗೆ ಕರಗುತ್ತದೆ, ಬೆಚ್ಚಗಾದ ಅಚ್ಚಿನ ಕೀಲಿಗೆ ತುಂಡಿನ ಮೂಲೆ ತಾಗಿಸಿದರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ವಾಸನೆಯೂ ಚೆನ್ನ. ಸೀಸದ ಮೇಲೆ ತೇಲುವ ಕಿಟ್ಟ ತೆಗೆಯುವ ಮುಂಚೆ ಅದೇ ಮೇಣದ ಒಂದು ಸಣ್ಣ ಚೂರನ್ನು ಕರಗಿದ ಸೀಸಕ್ಕೆ ಹಾಕಿ ಕಲಕಿದರೆ ಸೀಸದಲ್ಲಿ ತವರ ಬೆರೆತಿದ್ದರೆ ಅದು ಮತ್ತೆ ಒಳಕ್ಕೆ ಸೇರುತ್ತದೆ, ಕಸ ಮೇಲೆ ಬರುತ್ತದೆ. ಹೊಗೆ ಬರುತ್ತದೆ, ಕೆಲವೊಮ್ಮೆ ಆ ಹೊಗೆಗೆ ಬೆಂಕಿಯೂ ಹತ್ತುತ್ತದೆ, ಹುಷಾರು. ಆದರೆ ಅಚ್ಚಿನ ಎಣ್ಣೆಯಾಗಿ ಅದರ ಗುಣವೇ ಅದರ ದೋಷ. ನೀರಿನಷ್ಟು ತೆಳ್ಳಗಾಗಿ ಎಲ್ಲೆಂದರಲ್ಲಿ ಓಡುತ್ತದೆ. ಪಿನ್ನಿಗೆ ತಾಗಿಸಿದ ಮೇಣ ಎರಡು ಹೋಳುಗಳ ನಡುವಿನ ಸಂದಿಯಲ್ಲಿ ಹರಿದು ಗುಳಿ ಸೇರಿದ್ದನ್ನು ನಾನು ನೋಡಿದ್ದೇನೆ. ಆ ಸಂಜೆ ಐವತ್ತಕ್ಕೂ ಹೆಚ್ಚು ಗುಂಡು ಸುಕ್ಕುಸುಕ್ಕಾಗಿ ವಾಪಸ್ ಪಾತ್ರೆಗೆ ಹೋದವು. ಹಿಡಿಯ ಕೀಲಿಗೆ ಮಾತ್ರ ಆದರೆ ಜೇನುಮೇಣ ಒಳ್ಳೆಯದೇ, ಅದು ಗುಳಿಯಿಂದ ದೂರ ಇರುತ್ತದೆ. ತಟ್ಟೆಯ ಅಡಿಗೆ ಅದು ಬಾಳುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ಹಚ್ಚುತ್ತಾ ಕೂರಬೇಕು. ಮೇಣದಬತ್ತಿಯ ಮೇಣ ಇದಕ್ಕಿಂತಲೂ ಬೇಗ ಹೋಗುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಮಸಿ ಹಿಡಿಸುವುದರ ಬಗ್ಗೆ ಒಂದು ಮಾತು, ಯಾಕಂದರೆ ಎಣ್ಣೆಯ ಮಾತು ಬಂದಲ್ಲೆಲ್ಲ ಇದೂ ಬರುತ್ತದೆ. ಬೆಂಕಿಕಡ್ಡಿ ಗೀರಿ ಗುಳಿಯೊಳಗೆ ತೆಳ್ಳಗೆ ಮಸಿ ಹಿಡಿಸುತ್ತಾರೆ. ಇದು ಜಾರಿಕೆಗೆ ಅಲ್ಲ. ಮಸಿ ಬಿಸಿಯನ್ನು ಸ್ವಲ್ಪ ತಡೆಯುತ್ತದೆ, ಸೀಸ ಪೂರ್ತಿ ತುಂಬುವವರೆಗೂ ಕರಗಿದ ಹಾಗೇ ಇರುತ್ತದೆ, ಗುಂಡು ಸುಲಭವಾಗಿ ಬಿಡುತ್ತದೆ. ಅಲ್ಯೂಮಿನಿಯಂ ಅಚ್ಚಿಗೆ ಹೊಸದರಲ್ಲಿ ಸಹಾಯ ಆಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಡ್ಡಿಯನ್ನೇ ಬಳಸಿ, ಮೇಣದಬತ್ತಿ ಬೇಡ. ಮೇಣದಬತ್ತಿಯ ಮಸಿಯ ಜೊತೆ ಉರಿಯದ ಮೇಣವೂ ಸೇರಿ ಬರುತ್ತದೆ, ಅಂದರೆ ಗುಳಿಗೆ ನೀವೇ ಎಣ್ಣೆ ಹಚ್ಚಿದಂತೆ. ಗುಳಿಗೆ ಹೊಡೆಯುವ ಗ್ರಾಫೈಟ್ ಸ್ಪ್ರೇಗಳೂ ಸಿಗುತ್ತವೆ. ಗುಂಡು ಚೆನ್ನಾಗಿ ಉದುರುತ್ತದೆ, ನಿಜ. ಆದರೆ ಒಂದರ ಮೇಲೊಂದು ಪದರ ಕೂತು ಗುಳಿಯ ಅಳತೆ ಕಿರಿದಾಗುತ್ತಾ ಹೋಗುತ್ತದೆ. ಗಾಳದ ಗುಂಡಿಗೆ ಅದು ಲೆಕ್ಕಕ್ಕಿಲ್ಲ, ಅಳತೆ ಮುಖ್ಯ ಆದವರಿಗೆ ಅದೇ ದೊಡ್ಡ ತೊಂದರೆ. ಗುಂಡು ಅಂಟುತ್ತಿದ್ದರೆ ಗುಳಿಯ ಅಂಚಿನಲ್ಲಿ ಎಲ್ಲೋ ಒಂದು ಮುಳ್ಳು ಎದ್ದಿರುತ್ತದೆ. ಅದನ್ನು ಹುಡುಕಿ ಸರಿ ಮಾಡುವುದು ಬಿಟ್ಟು ಸ್ಪ್ರೇ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಒಣ ಪುಡಿಗಳು. ಗ್ರಾಫೈಟ್ ಪುಡಿ, ಮಾಲಿಬ್ಡಿನಮ್ ಡೈಸಲ್ಫೈಡ್, ಬೋರಾನ್ ನೈಟ್ರೈಡ್. ಮೂರೂ ಒಂದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಹರಳು ಪದರಪದರವಾಗಿರುತ್ತದೆ, ಒಂದು ಪದರ ಇನ್ನೊಂದರ ಮೇಲೆ ಇಸ್ಪೀಟು ಎಲೆಗಳ ಹಾಗೆ ಜಾರುತ್ತದೆ. ಬಿಸಿಗೆ ಹರಿಯುವ ಮಾತೇ ಇಲ್ಲ, ಇವು ಎಣ್ಣೆಯೇ ಅಲ್ಲವಲ್ಲ. ಗ್ರಾಫೈಟ್ ಗಾಳಿಯಲ್ಲಿ 400 ಡಿಗ್ರಿ ದಾಟುವವರೆಗೆ ಕೆಡುವುದಿಲ್ಲ, ಮಾಲಿಬ್ಡಿನಮ್ ಸುಮಾರು 350ರವರೆಗೆ, ಬೋರಾನ್ ನೈಟ್ರೈಡ್ ಇವೆರಡಕ್ಕಿಂತ ತುಂಬಾ ಮೇಲಕ್ಕೆ. ಕಾಗದದ ಮೇಲೆ ನೋಡಿದರೆ ಇವೇ ಗೆಲ್ಲಬೇಕಿತ್ತು. ಕೈಯಲ್ಲಿ ಹಾಗಾಗಲಿಲ್ಲ. ತಟ್ಟೆಯ ಅಡಿಗೆ ಒಣ ಗ್ರಾಫೈಟ್ ಉಜ್ಜಿದರೆ ಮೊದಲು ನುಣ್ಣಗೆ ಜಾರುತ್ತದೆ, ಮೂವತ್ತು ನಲವತ್ತು ಸಲ ತಿರುಗಿಸುವಷ್ಟರಲ್ಲಿ ಪುಡಿ ಪಕ್ಕಕ್ಕೆ ಸರಿದು ನಡುವೆ ಖಾಲಿ. ಕರೀ ಪುಡಿ ಕೈಗೆ, ಬಟ್ಟೆಗೆ, ಗುಂಡಿನ ಮೇಲೆ. ಆದರೆ ನನ್ನ ಮೂರನೇ ಅಚ್ಚಿನ ಕಡ್ಡಿ ಇದೆಯಲ್ಲ, ನಡುವೆ ತೂರಿಸುವ ಉಕ್ಕಿನ ಕಡ್ಡಿ, ಅದಕ್ಕೆ ಮಾತ್ರ ಗ್ರಾಫೈಟಿಗೆ ಸಾಟಿ ಬೇರೆ ಇಲ್ಲ. ಆ ಕಡ್ಡಿ ಸೀಸದ ಒಳಗೇ ನಿಂತಿರುತ್ತದೆ, ಸುತ್ತ ಸೀಸ ಕುಗ್ಗಿ ಬಿಗಿಯಾಗಿ ಹಿಡಿಯುತ್ತದೆ, ಎಣ್ಣೆ ಹಚ್ಚಿದರೆ ಒಳಗೆ ಗುಳ್ಳೆ ಬರುತ್ತದೆ. ಮೆತ್ತನೆಯ ಪೆನ್ಸಿಲ್ಲಿನಿಂದ ಕಡ್ಡಿಯ ಮೈಗೆ ಗೀಚಿ ಬೆರಳಲ್ಲಿ ಸವರಿದರೆ ಹದಿನೈದು ಇಪ್ಪತ್ತು ಎರಕಕ್ಕೆ ಆರಾಮಾಗಿ ಎಳೆಯಲು ಬರುತ್ತದೆ. ಇದಕ್ಕೆ ವಿಶೇಷ ಪುಡಿ ಕೊಳ್ಳಲೇಬೇಕಿಲ್ಲ, ಪೆನ್ಸಿಲ್ಲಿನಲ್ಲಿರುವುದೂ ಗ್ರಾಫೈಟ್ ಮತ್ತು ಜೇಡಿ ಮಣ್ಣಿನ ಮಿಶ್ರಣವೇ. ಮೆತ್ತಗಿದ್ದಷ್ಟೂ ಗ್ರಾಫೈಟ್ ಜಾಸ್ತಿ.

ಟೆಫ್ಲಾನ್ ಇರುವ ಯಾವುದನ್ನೂ ಅಚ್ಚಿನ ಹತ್ತಿರ ತರಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅದು ಕೆಲಸ ಮಾಡುವುದು ಸುಮಾರು 260 ಡಿಗ್ರಿವರೆಗೆ, ನಮ್ಮ ಪಾತ್ರೆಯ ಸೀಸ ಅದಕ್ಕಿಂತ ನೂರು ಡಿಗ್ರಿ ಮೇಲಿರುತ್ತದೆ. ಆ ಬಿಸಿಗೆ ಅದು ಒಡೆದು ಬರುವ ಹೊಗೆ ಉಸಿರಾಡಿದರೆ ಜ್ವರ, ಚಳಿ, ಎದೆ ಬಿಗಿತ ಬರುತ್ತದೆ. ನಾನು ಹಚ್ಚಿ ನೋಡಿಲ್ಲ, ನೋಡುವುದೂ ಇಲ್ಲ.

ತಾಮ್ರದ ಪುಡಿ ಬೆರೆಸಿದ ಆಂಟಿ ಸೀಜ್ ಪೇಸ್ಟ್ ಬಗ್ಗೆ ನನಗೆ ಎರಡು ಮನಸ್ಸು. ಎಂಜಿನ್ನಿನ ಬಿಸಿ ಬೋಲ್ಟುಗಳು ಕಚ್ಚಿಕೊಳ್ಳದಿರಲಿ ಅಂತ ಮಾಡಿದ ವಸ್ತು ಇದು, ಅದರ ಗ್ರೀಸು ಸುಟ್ಟುಹೋದರೂ ತಾಮ್ರದ ಚೂರುಗಳು ಉಳಿದು ಲೋಹಗಳನ್ನು ದೂರ ಇಡುತ್ತವೆ. ತಟ್ಟೆ ತಿರುಗುವ ಸ್ಕ್ರೂವಿನ ಮರೆಗಳಿಗೆ (ಥ್ರೆಡ್‌ಗಳಿಗೆ) ಬೆಂಕಿಕಡ್ಡಿಯ ತುದಿಯಷ್ಟು ಹಚ್ಚಿ ಬಿಗಿಸಿದೆ. ಒಂದು ವರ್ಷ ಆದಮೇಲೂ ಸ್ಕ್ರೂ ಬೆರಳಲ್ಲಿ ಬಿಚ್ಚುವ ಹಾಗಿತ್ತು. ಅಲ್ಲಿಗೆ ಅದು ಸರಿ. ಅದರ ಆಚೆ ಎಲ್ಲೂ ಬೇಡ. ಪಿನ್ನಿಗೆ ಹಚ್ಚಿದರೆ ಚೂರುಗಳು ಎರಡು ಹೋಳುಗಳ ಮುಖಕ್ಕೆ ಸೇರಿಕೊಂಡು ಅಚ್ಚು ಪೂರ್ತಿ ಮುಚ್ಚುವುದಿಲ್ಲ, ಗುಂಡಿನ ನಡುಗೆರೆಯಲ್ಲಿ ತೆಳ್ಳನೆಯ ರೆಕ್ಕೆ ಕಾಣಿಸುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಹೋಳುಗಳ ನಡುವೆ ಬೆಳಕು ಕಂಡರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ.

ಈಗ ಟೂ ಸ್ಟ್ರೋಕ್ ಎಣ್ಣೆ. ಗುಂಡು ಎರಕದವರಲ್ಲಿ ಇದು ಬಹಳ ದಿನದಿಂದ ಚಾಲ್ತಿಯಲ್ಲಿದೆ, ನನಗೆ ಗೊತ್ತಾದದ್ದು ತಡವಾಗಿ. ಕಾರಣ ಯೋಚಿಸಿದರೆ ಸುಲಭವಾಗಿ ಹೊಳೆಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಿ ಉರಿದುಹೋಗಬೇಕು. ಉರಿಯುವ ಮುಂಚೆ ಬಿಸಿ ಪಿಸ್ಟನ್ನಿಗೆ ಜಾರಿಕೆ ಕೊಡಬೇಕು, ಉರಿದ ಮೇಲೆ ಬೂದಿ, ಮಸಿ, ಅಂಟು ಉಳಿಸಬಾರದು. ನಮಗೆ ಬೇಕಿರುವುದೂ ಅದೇ ಅಲ್ವಾ? ಬಿಸಿಯಲ್ಲಿ ಇರುವಷ್ಟು ಹೊತ್ತು ಕೆಲಸ ಮಾಡು, ಹೋಗುವಾಗ ಗುರುತು ಬಿಡದೆ ಹೋಗು. ಕಾರಿಗೆ ಹಾಕುವ ಫೋರ್ ಸ್ಟ್ರೋಕ್ ಎಣ್ಣೆ ಹಾಗಲ್ಲ. ಅದು ಉರಿಯಬೇಕಾದ ಎಣ್ಣೆಯೇ ಅಲ್ಲ, ಅದಕ್ಕೆ ಬೆರೆಸಿದ ಲೋಹದ ಲವಣಗಳು ಸುಟ್ಟರೆ ಬೂದಿಯಾಗಿ ಕೂರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಬೇರೆ ಬೇರೆ ದಿನ, ಅದೇ ಅಚ್ಚು, ಅದೇ ಸೀಸ. ಫೋರ್ ಸ್ಟ್ರೋಕ್ ಹಚ್ಚಿದ ತಟ್ಟೆಯ ಅಡಿಯಲ್ಲಿ ಒಂದು ಗಂಟೆಯಲ್ಲಿ ಕಂದು ಅರಗು, ಉಗುರಲ್ಲಿ ಕೆರೆದರೂ ಬರಲಿಲ್ಲ. ಟೂ ಸ್ಟ್ರೋಕ್ ಹಚ್ಚಿದ ತಟ್ಟೆ ಬಟ್ಟೆಯಲ್ಲಿ ಒರೆಸಿದರೆ ಮಿರಮಿರ.

ಕೊಳ್ಳುವಾಗ ಬಾಟಲಿಯ ಮೇಲೆ ಎರಡು ವಿಷಯ ನೋಡಿ. ಒಂದು, ಸಿಂಥೆಟಿಕ್ ಅಂತ ಇರಲಿ. ಅದರಲ್ಲೂ ಎಸ್ಟರ್ ಆಧಾರದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಜೆಟ್ ಎಂಜಿನ್ನುಗಳಿಗೆ ಎಸ್ಟರ್ ಎಣ್ಣೆಯನ್ನೇ ಹಾಕುವುದು, ಬಿಸಿ ತಡೆಯುವುದರಲ್ಲಿ ಅದರ ಹೆಸರು ದೊಡ್ಡದು. ಎರಡು, ಜಾಸೋ ಎಫ್‌ಡಿ ಅನ್ನುವ ದರ್ಜೆ. ಇದು ಜಪಾನಿನ ಮಾನದಂಡ. ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ದರ್ಜೆಗಳು ಏರುತ್ತವೆ, ಎಫ್‌ಸಿಯಿಂದ ಹೊಗೆ ಕಡಿಮೆ, ಎಫ್‌ಡಿಯಲ್ಲಿ ಮಸಿ ಕಟ್ಟದಂತೆ ತಡೆಯುವ ಗುಣವೂ ಜಾಸ್ತಿ. ದೋಣಿಯ ಎಂಜಿನ್ನಿಗೆ ಬರುವ ಬೂದಿ ಇಲ್ಲದ ಟೂ ಸ್ಟ್ರೋಕ್ ಎಣ್ಣೆಯನ್ನೂ ಒಂದು ಸಲ ಹಚ್ಚಿದ್ದೆ, ಅದೂ ಕೆಲಸ ಮಾಡಿತು, ಸ್ವಲ್ಪ ಬೇಗ ಆರಿತು ಅಷ್ಟೇ. ನೀಲಿ, ಹಸಿರು, ಕೆಂಪು ಬಣ್ಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಪೆಟ್ರೋಲಿಗೆ ಬೆರೆಸಿದ್ದು ಗೊತ್ತಾಗಲಿ ಅಂತ ಹಾಕಿದ ಬಣ್ಣ ಅದು.

ಗುಂಡಿನ ಅಚ್ಚಿಗೆಂದೇ ಮಾಡಿದ ಎಣ್ಣೆಗಳೂ ಪುಟ್ಟ ಬಾಟಲಿಗಳಲ್ಲಿ ಸಿಗುತ್ತವೆ. ಒಂದು ತರಿಸಿ ನೋಡಿದೆ. ಚೆನ್ನಾಗಿದೆ, ದೂರು ಇಲ್ಲ, ಒಮ್ಮೆ ಹಚ್ಚಿದರೆ ಟೂ ಸ್ಟ್ರೋಕಿಗಿಂತ ಒಂದಿಷ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಸಂಜೆಗೆ ಐನೂರು ಸಾವಿರ ಗುಂಡು ಹೊಯ್ಯುವವರಿಗೆ ಅದು ಸರಿ. ನನ್ನ ಹಾಗೆ ನೂರಿನ್ನೂರು ಹೊಯ್ಯುವವರಿಗೆ ಆ ವ್ಯತ್ಯಾಸ ಕೈಗೆ ಸಿಗುವುದಿಲ್ಲ.

ಹಚ್ಚುವ ವಿಧಾನ ಎಣ್ಣೆಗಿಂತ ಮುಖ್ಯ, ಆದ್ದರಿಂದ ಇಲ್ಲಿ ನಿಧಾನವಾಗಿ ಓದಿ. ಬಾಟಲಿಯ ಮುಚ್ಚಳದಲ್ಲಿ ನಾಲ್ಕೈದು ಹನಿ ಹಾಕಿಕೊಳ್ಳಿ, ಬಾಟಲಿಯನ್ನು ಒಲೆಯಿಂದ ದೂರ ಇಡಿ. ಮೊದಲು ಅಚ್ಚು ಬಿಸಿಯಾಗಲಿ. ಎಣ್ಣೆ ಇಲ್ಲದೆ ಐದಾರು ಎರಕ ಹೊಯ್ಯಿರಿ, ತಟ್ಟೆಯನ್ನು ಮೆಲ್ಲಗೆ ತಿರುಗಿಸಿ. ಆಮೇಲೆ ಇಯರ್ ಬಡ್ ಅದ್ದಿ, ಅದನ್ನು ಹಳೇ ಬಟ್ಟೆಗೆ ಒತ್ತಿ ಹಿಂಡಿಬಿಡಿ. ಹಿಂಡಿದ ಮೇಲೂ ಅದರಲ್ಲಿ ಸಾಕಷ್ಟು ಎಣ್ಣೆ ಉಳಿದಿರುತ್ತದೆ. ಗುಳಿಯಲ್ಲಿ ಗುಂಡು ಇರುವಾಗಲೇ, ಅಂದರೆ ಬಾಲ ಕತ್ತರಿಸಿದ ಮೇಲೆ, ಅಚ್ಚು ತೆರೆಯುವ ಮುಂಚೆ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅದರ ಅಡಿಯನ್ನೂ ಅಚ್ಚಿನ ತಲೆಯನ್ನೂ ಒಮ್ಮೆ ಸವರಿ. ಗುಂಡು ಒಳಗೇ ಇರುವುದರಿಂದ ಗುಳಿಗೆ ಅದೇ ಮುಚ್ಚಳದಂತೆ, ಎಣ್ಣೆ ಕೆಳಗೆ ಇಳಿಯುವುದಿಲ್ಲ. ಈ ಒಂದು ಉಪಾಯ ಗೊತ್ತಾದ ಮೇಲೆ ನನ್ನ ಸುಕ್ಕಿನ ಸಮಸ್ಯೆ ಅರ್ಧ ಹೋಯಿತು. ಆಮೇಲೆ ಒಣ ಬಟ್ಟೆಯಲ್ಲಿ ಎಲ್ಲ ಒರೆಸಿಬಿಡಿ. ಹಚ್ಚಿದ್ದನ್ನು ಒರೆಸುವುದಾದರೆ ಹಚ್ಚುವುದೇಕೆ ಅನ್ನಿಸಬಹುದು. ಲೋಹದ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಉಳಿಯುತ್ತದಲ್ಲ, ಬೇಕಿರುವುದು ಅದು. ಹೊಳೆಯುತ್ತಾ ಕಾಣುವ ಎಣ್ಣೆ ಎಲ್ಲವೂ ಗುಳಿಗೆ ಹೋಗಲು ಕಾಯುತ್ತಿರುವ ಎಣ್ಣೆ. ಪಿನ್ನಿಗೆ ಬಡ್ಡಿನ ತುದಿ ಒಂದು ಸಲ ತಾಗಿಸಿದರೆ ಸಾಕು, ಸ್ಕ್ರೂವಿನ ಬುಡಕ್ಕೆ ಒಂದು ಸಲ. ಇಷ್ಟು ಮಾಡಿದರೆ ನನಗೆ ಅರವತ್ತು ಎಪ್ಪತ್ತು ಎರಕದವರೆಗೆ ಮತ್ತೆ ಹಚ್ಚುವ ಅಗತ್ಯ ಬೀಳುವುದಿಲ್ಲ. ತಟ್ಟೆ ಬಿಗಿಯಾದ ಹಾಗೆ ಕೈಗೆ ಗೊತ್ತಾಗುತ್ತದೆ, ಆಗ ಇನ್ನೊಂದು ಸಲ. ಕಡ್ಡಿ ಪ್ಲಾಸ್ಟಿಕ್ಕಿನದಾದರೆ ಬಿಸಿ ಅಚ್ಚಿಗೆ ತಾಗಿ ಕರಗಿ ಅಂಟುತ್ತದೆ, ಅದಕ್ಕೇ ಕಾಗದದ ಕಡ್ಡಿಯದ್ದು ಅಂತ ಮೊದಲೇ ಹೇಳಿದ್ದು.

ತಟ್ಟೆಯ ಸ್ಕ್ರೂ ಬಿಗಿತವನ್ನೂ ನೋಡಿಕೊಳ್ಳಿ. ಅಚ್ಚನ್ನು ಓರೆ ಮಾಡಿದರೆ ತಟ್ಟೆ ತನ್ನ ಭಾರಕ್ಕೇ ತಿರುಗಬೇಕು. ಅದಕ್ಕಿಂತ ಬಿಗಿ ಇದ್ದರೆ ಯಾವ ಎಣ್ಣೆಯೂ ಕಾಪಾಡುವುದಿಲ್ಲ. ಇನ್ನೊಂದು, ಬಾಲ ಕತ್ತರಿಸುವ ಅವಸರ ಬೇಡ. ಹೊಯ್ದ ಸೀಸದ ಮೇಲ್ಮೈ ಹೊಳಪು ಕಳೆದುಕೊಂಡು ಮಂಕಾಗುತ್ತದೆ, ಆಮೇಲೂ ನಾಲ್ಕೈದು ಎಣಿಸಿ ತಿರುಗಿಸಿ. ಬೇಗ ತಿರುಗಿಸಿದರೆ ಅರೆಗಟ್ಟಿ ಸೀಸ ಅಚ್ಚಿನ ತಲೆಗೆ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡರೆ ಚಾಕು ಹಾಕಿ ಕೆರೆಯಬೇಡಿ, ಅಲ್ಯೂಮಿನಿಯಂ ಗೀರಿಬಿಡುತ್ತದೆ. ಅಚ್ಚು ಚೆನ್ನಾಗಿ ಬಿಸಿಯಿರುವಾಗ ಆ ಜಾಗಕ್ಕೆ ಇದೇ ಎಣ್ಣೆ ಒಂದು ಚುಕ್ಕೆ ಹಚ್ಚಿ ಮರದ ಕಡ್ಡಿಯಲ್ಲಿ ಉಜ್ಜಿದರೆ ಸೀಸ ಉಂಡೆಯಾಗಿ ಎದ್ದು ಬರುತ್ತದೆ.

ಇಷ್ಟಾದರೂ ಗುಳಿಗೆ ಎಣ್ಣೆ ಹೋಯಿತು ಅಂದುಕೊಳ್ಳಿ. ಮೊದಲು ಸುಕ್ಕಿಗೆ ಕಾರಣ ಎಣ್ಣೆಯೋ ಅಚ್ಚಿನ ತಂಪೋ ಅಂತ ತಿಳಿಯಬೇಕು, ತಣ್ಣಗಿರುವ ಅಚ್ಚಿನಲ್ಲೂ ಸುಕ್ಕು ಬರುತ್ತದೆ. ಇಪ್ಪತ್ತು ಎರಕ ಬಿಡದೆ ಹೊಯ್ಯಿರಿ. ತಂಪಿನ ಸುಕ್ಕಾದರೆ ಹೋಗುತ್ತದೆ. ಗುಂಡು ಮಂಜು ಹಿಡಿದಂತೆ ಬೆಳ್ಳಗಾಗುವಷ್ಟು ಅಚ್ಚು ಬಿಸಿಯಾದ ಮೇಲೂ ಅದೇ ಜಾಗದಲ್ಲಿ ಸುಕ್ಕು ಬರುತ್ತಿದ್ದರೆ ಅದು ಎಣ್ಣೆಯೇ. ನಾನು ಅಚ್ಚನ್ನು ಪೂರ್ತಿ ಆರಿಸಿ, ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕುತ್ತೇನೆ. ಇದೇ ಸಾಕಾಗುತ್ತದೆ. ಸಾಲದಿದ್ದರೆ ಅಸಿಟೋನ್, ಬೆಂಕಿಯಿಂದ ದೂರ, ಗಾಳಿ ಆಡುವ ಕಡೆ. ಬ್ರೇಕ್ ಕ್ಲೀನರ್ ಬಳಸುವವರು ಡಬ್ಬಿಯ ಮೇಲೆ ಓದಿ, ಕ್ಲೋರಿನ್ ಇರುವ ಜಾತಿಯದ್ದು ಬಿಸಿ ಲೋಹಕ್ಕೆ ತಾಗಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟಬಹುದು. ತೊಳೆದ ಮೇಲೆ ಒಂದು ಹನಿ ನೀರೂ ಉಳಿಯಬಾರದು. ನೀರಿನ ಹನಿ ಕರಗಿದ ಸೀಸದ ಕೆಳಗೆ ಸಿಕ್ಕಿದರೆ ಒಂದೇ ಕ್ಷಣದಲ್ಲಿ ಹಬೆಯಾಗಿ ಸೀಸವನ್ನು ಮೇಲಕ್ಕೆ ಎರಚುತ್ತದೆ. ಒಂದು ಸಲ ಪಾತ್ರೆಯ ಅಂಚಿಂದ ನನ್ನ ತೋಳಿಗೆ ಹಾರಿದ ಕಲೆ ಇನ್ನೂ ಇದೆ. ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಹತ್ತಿ ಅಂಗಿ, ಚರ್ಮದ ಕೈಗವಸು ಇಲ್ಲದೆ ಒಲೆ ಹಚ್ಚಬೇಡಿ.

ಎಣ್ಣೆ ಒರೆಸಿದ ಬಟ್ಟೆ, ಬಡ್ಡುಗಳ ಬಗ್ಗೆಯೂ ಎಚ್ಚರ. ಅವುಗಳಲ್ಲಿ ಸೀಸದ ಪುಡಿ ಇರುತ್ತದೆ. ನಾವು ಹೊಯ್ಯುವ ಬಿಸಿಯಲ್ಲಿ ಸೀಸ ಆವಿಯಾಗುವುದು ಬಹಳ ಕಡಿಮೆ, ಮೈಗೆ ಸೇರುವುದು ಹೆಚ್ಚಾಗಿ ಕಿಟ್ಟದ ಧೂಳಿನಿಂದ, ಕೈಯಿಂದ ಬಾಯಿಗೆ. ಅದಕ್ಕೆ ಅದೇ ಕೈಯಲ್ಲಿ ಫೋನು ಮುಟ್ಟುವುದು ಬೇಡ. ಕೆಲಸ ಮುಗಿದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ, ಬಟ್ಟೆ ಬೇರೆ ಒಗೆಯಿರಿ, ಮಕ್ಕಳನ್ನು ಆ ಕಡೆ ಬಿಡಲೇಬೇಡಿ. ಸೀಸದ ಗಾಳದ ಗುಂಡುಗಳನ್ನು ಎಲ್ಲ ಕಡೆ ಬಳಸುವಂತೆಯೂ ಇಲ್ಲ. ಹಂಸಗಳು ನುಂಗಿ ಸಾಯುತ್ತಿವೆ ಅಂತ ಬ್ರಿಟನ್ನಿನಲ್ಲಿ 1987ರಲ್ಲೇ 28 ಗ್ರಾಂವರೆಗಿನ ಬಹುಪಾಲು ಸೀಸದ ತೂಕಗಳ ಮಾರಾಟ ನಿಲ್ಲಿಸಿದರು. ನೀವಿರುವ ಕಡೆ ನಿಯಮ ಏನು ಅಂತ ಕೇಳಿಕೊಂಡೇ ನೀರಿಗೆ ಹಾಕಿ.

ಬೀಡುಕಬ್ಬಿಣದ ಅಚ್ಚಿನ ವಿಷಯ ಸ್ವಲ್ಪ ಬೇರೆ. ಉಜ್ಜಾಟ ಅಲ್ಲಿ ಅಷ್ಟಿಲ್ಲ, ಕಬ್ಬಿಣದ ಮೇಲೆ ಉಕ್ಕು ಜಾರುವುದು ಸುಲಭ, ಎಣ್ಣೆ ಅರ್ಧದಷ್ಟೂ ಬೇಡ. ಅದರ ಶತ್ರು ತುಕ್ಕು. ಎತ್ತಿಡುವಾಗ ಗುಳಿಗೂ ಸೇರಿಸಿ ಎಣ್ಣೆ ಹಚ್ಚಿದರೆ ಮುಂದಿನ ಸಲ ತೊಳೆಯುವ ಕೆಲಸ ಬೀಳುತ್ತದೆ, ಹಚ್ಚದಿದ್ದರೆ ಮಳೆಗಾಲದಲ್ಲಿ ಕೆಂಪಗಾಗುತ್ತದೆ. ನಾನು ಈಗ ಕೊನೆಯ ಎರಕವನ್ನು ಗುಳಿಯಲ್ಲೇ ಬಿಟ್ಟು, ಹೊರಮೈಗೆ ಎಣ್ಣೆ ಸವರಿ, ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿ, ತೇವ ಹೀರುವ ಪೊಟ್ಟಣದ ಜೊತೆ ಗಾಳಿ ಆಡದ ಡಬ್ಬಿಯಲ್ಲಿ ಇಡುತ್ತೇನೆ. ಎರಡು ಮಳೆಗಾಲ ಕಳೆದಿದೆ, ಗುಳಿ ಹಾಗೇ ಇದೆ. ಅಲ್ಯೂಮಿನಿಯಂ ಅಚ್ಚಿಗೆ ಈ ಯಾವ ರಗಳೆಯೂ ಇಲ್ಲ, ಒರೆಸಿ ಇಟ್ಟರೆ ಮುಗಿಯಿತು.

ನನ್ನ ಡಬ್ಬಿಯಲ್ಲಿ ಈಗ ಉಳಿದಿರುವುದು ಟೂ ಸ್ಟ್ರೋಕ್ ಎಣ್ಣೆ, ಕಡ್ಡಿಗೆ ಒಂದು ಮೆತ್ತನೆಯ ಪೆನ್ಸಿಲ್. ಆಂಟಿ ಸೀಜ್ ಟ್ಯೂಬ್ ಸ್ಕ್ರೂ ಬಿಚ್ಚುವ ದಿನಕ್ಕೆ ಅಂತ ಬೇರೆ ಕಡೆ ಇದೆ. ಬಾಟಲಿ ತಂದು ಎರಡೂವರೆ ವರ್ಷ ಆಯಿತು, ಅರ್ಧ ಲೀಟರಿನಲ್ಲಿ ಒಂದು ಬೆರಳಷ್ಟೂ ಕೆಳಗಿಳಿದಿಲ್ಲ.